ಬಾಯವ್ವ ಹಾಕಿದ ನಾಲ್ಕು ಹೂ

ಮುರಗೋಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಹಾನಂದಾ ವಿಸರ್ಜನಾಂಗಗಳ ಚಿತ್ರವನ್ನು ಕಣ್ಣು ಮುಚ್ಚಿಕೊಂಡೂ ಬಿಡಿಸಬಲ್ಲವಳಾಗಿದ್ದಳು. ಮೇಲೆ ಅವರೆಕಾಳಿನಂಥ ಎರಡು ಮೂತ್ರಪಿಂಡ, ಅವುಗಳಿಂದ ಇಳಿದು ಬರುವ ಎರಡು ಗೆರೆ, ಕೆಳಗೊಂದು ಚೀಲ. ಗೆರೆಗಳಿಗೆ ಮೂತ್ರನಾಳ, ಚೀಲಕ್ಕೆ ಮೂತ್ರಕೋಶ ಎಂದು ಬರೆದು ಬಾಣ ಹಾಕಿದರೆ ಪಾಠ ಮುಗಿಯಿತು. 2009ರ ಬೇಸಿಗೆಯಲ್ಲಿ ಆ ಚೀಲ ಅವಳ ಅವ್ವನದಾಯಿತು.

ಅವ್ವ ಇಂದ್ರವ್ವ ಚಚಡಿ ಹಳ್ಳಿಯ ಮನೆಯಲ್ಲಿ ಯಾರಿಗೂ ಹೇಳದೆ ಅದೆಷ್ಟೋ ವಾರ ಕೆಂಪು ಮೂತ್ರ ಮಾಡಿದ್ದಳು. ಸಿಕ್ಕಿಬಿದ್ದಾಗ, "ಬಿಸಲಿಗಿ ಉಷ್ಣ ಆಗಿತ್ತವಾ, ಸಬ್ಜಾ ಬೀಜಾ ನೆನಿ ಹಾಕಿ ಕುಡದೇನಿ" ಎಂದಳು. ಬೆಳಗಾವಿಯ ವೈದ್ಯರು ದುರ್ಬೀನು ಇಳಿಸಿ ನೋಡಿದರು. ಕ್ಯಾನ್ಸರಿನ ಗಂಟು ಚೀಲದ ಗೋಡೆಯ ಮಾಂಸದೊಳಕ್ಕೆ ಬೇರು ಬಿಟ್ಟಿತ್ತು. ಚೀಲವನ್ನೇ ತೆಗೆಯಬೇಕು, ಬಿಟ್ಟರೆ ವರ್ಷ ದಾಟುವುದು ಕಷ್ಟ ಎಂದರು. ಆಮೇಲೆ ಹಿಂದಿನ ಕಾಯಿಲೆಗಳನ್ನು ಕೇಳುತ್ತ ಹೋದಾಗ 1994ರ ವಿಷಯ ಬಂತು. ಆಗ ಇಂದ್ರವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಕಿರಣ ಚಿಕಿತ್ಸೆ ಕೊಟ್ಟಿದ್ದರು. ನಮ್ಮ ಕಡೆ ಅದಕ್ಕೆ ಕರೆಂಟು ಇಡಿಸುವುದು ಎನ್ನುತ್ತಾರೆ.

ವೈದ್ಯರು ಪೆನ್ನು ಕೆಳಗಿಟ್ಟರು.

"ಕರೆಂಟ ಹಾದ ಹೊಟ್ಟಿ ಬ್ಯಾರೇನ ಇರತೈತ್ರಿ ಟೀಚರ. ಕಾದ ಹಂಚಿಗಿ ಹತ್ತಿದ ರೊಟ್ಟಿ ಹಂಗ ಒಳಗ ಎಲ್ಲಾ ಒಂದಕ್ಕೊಂದು ಹತ್ತಿಕೊಂಡಿರತಾವ. ಬಿಡಿಸಾಕ ಹೋದ್ರ ಕರುಳ ಹರೀತಾವ. ನಾ ಕೈ ಹಾಕಂಗಿಲ್ಲ. ಪುಣೇದಾಗ ಒಂದು ಯಂತ್ರ ಬಂದೈತಿ, ಅದರ ಕೈ ಭಾಳ ಸಣ್ಣ. ಅಲ್ಲಿ ಕೇಳಿ ನೋಡ್ರಿ."

ಹದಿನೈದು ವರ್ಷ ಅವ್ವನನ್ನು ಉಳಿಸಿಕೊಟ್ಟದ್ದು ಅದೇ ಕಿರಣ. ಈಗ ಹೊಸ ಗಂಟಿಗೆ ಬೀಜ ಬಿತ್ತಿದ್ದೂ ಅದೇ ಇರಬಹುದು. ಒಳಗನ್ನೆಲ್ಲ ಅಂಟಿಸಿ ಬಾಗಿಲು ಹಾಕಿಕೊಂಡದ್ದಂತೂ ಅದೇ. ಮಹಾನಂದಾ ಅದರ ಮೇಲೆ ಸಿಟ್ಟಾಗಲೂ ಆರದೆ, ಕೈ ಮುಗಿಯಲೂ ಆರದೆ, ಪುಣೆಯ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಳು.

ಪುಣೆಯ ಆ ದೊಡ್ಡ ಆಸ್ಪತ್ರೆಯಲ್ಲಿ ಅವಳ ಅಪ್ಪ ಹಣಮಂತಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ನೆಲದ ಹೊಳಪಿಗೆ ಕಾಲೂರಲು ಹೆದರಿದವನಂತೆ ಕುಳಿತಿದ್ದ. ಒಳಗಿನಿಂದ ಬಂದ ವೈದ್ಯರು ಇಂದ್ರವ್ವನ ಸೀರೆಯ ಸೆರಗು ನೋಡಿದರು.

"ಯಾವೂರಬೇ? ಸವದತ್ತಿ ಕಡ್ಯಾಕೇನು?"

ಪುಣೆಯಲ್ಲಿ ಕನ್ನಡ ಕೇಳಿ ಮೂವರಿಗೂ ಒಮ್ಮೆಲೇ ಜೀವ ಬಂತು. ಅವರ ಹೆಸರು ಅಮೋಘಸಿದ್ದಪ್ಪ, ಸೊಲ್ಲಾಪುರದ ಹತ್ತಿರದ ಹಳ್ಳಿಯವರು.

"ದೇವರ ಹೆಸರ ಇಟಗೊಂಡಾರ, ಇನ್ನೇನ ಅಂಜಿಕಿ ಬಿಡ್ರಿ" ಎಂದು ಇಂದ್ರವ್ವ ಗಂಡನಿಗೆ ಪಿಸುಗುಟ್ಟಿದಳು.

"ನಮ್ಮ ಹಾಯೋ ಎತ್ತಿಗೂ ಬಸವಣ್ಣ ಅಂತನ ಹೆಸರ ಇಟ್ಟೇವಿ" ಎಂದ ಹಣಮಂತಪ್ಪ.

ವೈದ್ಯರಿಗೆ ಅದು ಕೇಳಿಸಿತು. "ಹಾಯೂದಿಲ್ಲ ಕಾಕಾ, ಕುಂತ್ರಿ" ಎಂದು ನಕ್ಕು, ಹಾಳೆಯ ಮೇಲೆ ಗೆರೆ ಎಳೆದು ತೋರಿಸತೊಡಗಿದರು. ಮೂತ್ರದ ಚೀಲ ತೆಗೆದ ಮೇಲೆ ಮೂತ್ರಕ್ಕೆ ಬೇರೆ ದಾರಿ ಬೇಕು. ಸಣ್ಣ ಕರುಳಿನಿಂದ ಗೇಣುದ್ದದ ತುಂಡು ತೆಗೆದುಕೊಂಡು, ಎರಡೂ ಮೂತ್ರನಾಳಗಳನ್ನು ಅದಕ್ಕೆ ಹೊಲಿದು, ಆ ತುಂಡಿನ ಬಾಯಿಯನ್ನು ಹೊಟ್ಟೆಯ ಮೇಲೆ ತೆರೆಯುತ್ತಾರೆ. ಮೇಲೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿಕೊಂಡಿರಬೇಕು, ಜೀವ ಇರುವವರೆಗೂ.

"ಹೊಲದಾಗ ಪೈಪಲೈನ ಮಾಡಿಸಿದಂಗ" ಎಂದ ಹಣಮಂತಪ್ಪ. ನಗಿಸಲು ಹೇಳಿದ್ದೋ, ಹೆದರಿ ಹೇಳಿದ್ದೋ ಅವನಿಗೇ ತಿಳಿಯಲಿಲ್ಲ.

"ಬರೋಬ್ಬರಿ ಅಂದ್ರಿ. ಆದ್ರ ಪೈಪು ಗಟ್ಟಿ ಇರಬೇಕು. ಕರೆಂಟ ಬಿದ್ದ ಕರುಳಿಗಿ ಹೊಲಗಿ ಹಾಕಿದ್ರ ಹಿಡಿಯೂದಿಲ್ಲ, ಉಚ್ಚಿ ಒಳಗ ಸೋರತೈತಿ. ಅದಕ್ಕ ನಂಗ ಒಂದು ಮಾತು ತಿಳೀಬೇಕು. ಆವಾಗ ಕಿರಣ ಹೊಟ್ಟಿ ಮ್ಯಾಲೆ ಎಲ್ಲೀ ತನಕಾ ಬಿದ್ದಿತ್ತು? ಹಳೇ ಕಾಗದಾ ಅದಾವೇನು?"

ಇರಲಿಲ್ಲ. ಮಹಾನಂದಾ ಮೊದಲೇ ವಿಚಾರಿಸಿದ್ದಳು. ಅಷ್ಟು ಹಳೆಯದನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. ವೈದ್ಯರು ಗೆರೆ ಎಳೆದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಯಂತ್ರ ಎಷ್ಟ ಶಾಣ್ಯಾ ಇದ್ರೂ, ಗಡಿ ಗೊತ್ತಿರಲಾರದ ಹೊಲದಾಗ ರಂಟಿ ಹೊಡದಂಗ ಆಗತೈತಿ ತಂಗಿ. ನಾ ಹೂಂ ಅನ್ನೂದು ಕಷ್ಟ. ಹೊಟ್ಟಿ ಒಮ್ಮೆ ನೋಡತೇನಿ, ಆಮ್ಯಾಲೆ ಹೇಳತೇನಿ."

ಪರದೆಯ ಹಿಂದೆ ಮಲಗಿದ ಇಂದ್ರವ್ವ ಸೀರೆಯ ನೆರಿಗೆ ಬಿಡಲಿಲ್ಲ. ನರ್ಸು ಕೇಳಿದಳು, ಮಹಾನಂದಾ ಕೇಳಿದಳು. ಎರಡೂ ಕೈಯಿಂದ ಗಟ್ಟಿ ಹಿಡಿದುಕೊಂಡು, "ಮ್ಯಾಲಿಂದನ ನೋಡ್ರಿ" ಎಂದಳು. ಮೊದಲು ಗಂಡನನ್ನು ಹೊರಗೆ ಕಳಿಸಬೇಕಾಯಿತು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ ಕೈ ಸಡಿಲಿಸಿದಳು.

ಮಹಾನಂದಾ ಅವ್ವನ ಹೊಟ್ಟೆಯನ್ನು ನೋಡಿದ್ದು ಅದೇ ಮೊದಲು. ಹೊಕ್ಕುಳದ ಮಟ್ಟದಲ್ಲಿ ಎಡಕ್ಕೊಂದು, ಬಲಕ್ಕೊಂದು, ಕೆಳಗೆ ತೊಡೆಯ ಸಂದಿನ ಬಳಿ ಎಡಕ್ಕೊಂದು, ಬಲಕ್ಕೊಂದು ಹಚ್ಚೆಯ ಹೂ. ಎಂಟೆಂಟು ಎಸಳು, ಹಸಿರಿಗೆ ತಿರುಗಿದ ನೀಲಿ. ಪ್ರತಿ ಹೂವಿನ ನಡುವೆ ಎಸಳುಗಳಿಗಿಂತ ಆಳವಾಗಿ ಚುಚ್ಚಿದ ಒಂದು ದಪ್ಪ ಚುಕ್ಕಿ.

ವೈದ್ಯರು ಬಗ್ಗಿದವರು ಬಗ್ಗಿದಂತೆಯೇ ನಿಂತರು. "ಇವನ್ನ ಯಾರ ಹಾಕಿದ್ರಬೇ?"

"ಬಾಯವ್ವ."

"ಯಾವ ಬಾಯವ್ವ?"

"ಯರಗಟ್ಟಿ ಸಂತ್ಯಾಗ ಹಚ್ಚಿ ಹಾಕಾಕಿ ಬಾಯವ್ವ್ರಿ. ಬೈಬ್ಯಾಡ್ರಿ ಸಾಹೇಬ್ರ. ಆವಾಗೊಬ್ರು ಬೇಕಾದಷ್ಟ ಬೈದಾರ."

ಆಗ ಅವಳು ಗೋಡೆಗೇ ಹೇಳಿದಳು. ಹುಬ್ಬಳ್ಳಿಯಲ್ಲಿ ಯಂತ್ರ ನಡೆಸುವ ಹುಡುಗ ಮೊದಲ ದಿನವೇ ಅವಳ ಹೊಟ್ಟೆಯ ಮೇಲೆ ನೇರಳೆ ಶಾಯಿಯಲ್ಲಿ ನಾಲ್ಕು ಗುರುತು ಹಾಕಿದ್ದ. ಕಿರಣ ಬೀಳುವ ಚೌಕದ ನಾಲ್ಕು ಮೂಲೆ ಅವು. ಚಿಕಿತ್ಸೆ ಮುಗಿಯುವ ತನಕ ಅಳಿಯಬಾರದು, ನೀರು ಹಾಕಬೇಡಿ ಎಂದಿದ್ದ. ಆದರೆ ವಾರದ ಕೊನೆಗೆ ಊರಿಗೆ ಬಂದರೆ, ಮೈ ತೊಳೆಯದೆ ಅಡಿಗೆ ಮನೆಗೆ ಕಾಲಿಡಲು ಅತ್ತೆ ಬಿಡುತ್ತಿರಲಿಲ್ಲ. ಏನು ಚಿಕಿತ್ಸೆ ಎಂದು ಅತ್ತೆಗೆ ಹೇಳುವಂತೆಯೂ ಇರಲಿಲ್ಲ. ಯರಗಟ್ಟಿಯಲ್ಲಿ ಬಸ್ಸಿಳಿದವಳು ಬಳೆಯಂಗಡಿಯ ಜುಬೇದಾಬಿಯ ಮುಂದೆ ಕುಳಿತು ಅತ್ತಳು.

"ಜುಬೇದಾಬಿ ಅಂದ್ಲ್ರಿ, ಅಳಿಬಾರದು ಅಂದ್ರ ಅಳೀಲಾರದಂಗ ಮಾಡಿಸವಾ, ಅದಕ್ಯಾಕ ಅಳತಿ? ಅಂಗಡಿ ಹಿಂದ ಪಡದಾ ಬಿಟ್ಟು ಬಾಯವ್ವನ್ನ ಕರದ್ಲು. ಶಾಯಿ ಮ್ಯಾಲೆನ ನಾಕು ಚುಕ್ಕಿ ಚುಚ್ಚು, ಒಂದು ಕೂದಲೆಳಿ ಆಕಡೆ ಈಕಡೆ ಆಗಬಾರದು ಅಂದ್ನಿ. ಚುಚ್ಚಿದ್ಲು. ಸಾಕು ಏಳತೇನಿ ಅಂದ್ರ ಬಿಡವಲ್ಲಳ್ರಿ. ಬರೇ ಚುಕ್ಕಿ ಇಟ್ಟು ಕಳಸಾಕ ನಾ ಏನು ದನಕ್ಕ ಬರಿ ಕೊಡಾಕೇನು? ಚುಕ್ಕಿ ಇಟ್ಟ ಮ್ಯಾಲೆ ಹೂ ಆಗಬೇಕು, ಇಲ್ಲಂದ್ರ ನನ್ನ ಕೈಗಿ ಶ್ರೇಯಸ್ಸಲ್ಲ ಅಂತ ಕುಂತಬಿಟ್ಲು."

ಮಹಾನಂದಾಗೆ ನಗು ಬಂತು. ಆ ದಿನಗಳಲ್ಲಿ ಅವಳು ಧಾರವಾಡದ ಹಾಸ್ಟೆಲಿನಲ್ಲಿ ಅದೇ ಕಿರಣ ಸೂಸುವ ಕೋಬಾಲ್ಟಿನ ಅರ್ಧಾಯುಷ್ಯದ ಲೆಕ್ಕ ಬಿಡಿಸುತ್ತಿದ್ದಳು.

"ಆ ಹುಡುಗಗ ಸಿಟ್ಟ ನೆತ್ತಿಗೇರಿತ್ರಿ. ಕರೆಂಟ ಬೀಳೋ ಚರ್ಮಕ್ಕ ಯಾರರೆ ಸೂಜಿ ಚುಚ್ಚಿಸತಾರ, ಹುಣ್ಣಾದ್ರ ಯಾರ ಹೊಣಿ ಅಂತ ಇಡೀ ದವಾಖಾನಿ ಕೇಳೂವಂಗ ಒದರಿದ. ಖರೇನ, ತಪ್ಪು ನಂದ ಇತ್ತು. ಆದ್ರ ಬೆಳಕ ಹಚ್ಚಿ ನೋಡಿ ಸುಮ್ಮನಾದ."

"ಬೆಳಕಿನ ಚೌಕ ಚುಕ್ಕೀ ಮ್ಯಾಲೆ ಬಂತೇನು?" ವೈದ್ಯರ ದನಿ ಬದಲಾಗಿತ್ತು.

"ನಾಕೂ ಮೂಲಿ ನಾಕೂ ಹೂವಿನ ನಡಕ ಬಂದು ಕುಂತ್ವು. ಮುಗಿಯೂತನಕಾ ದಿನಾ ಹಂಗ. ಮತ್ತ ಅಂವ ಶಾಯಿ ಮುಟ್ಟಲಿಲ್ಲ. ನಾ ತಲಿ ಎತ್ತಿ ನೋಡಕೋತ ಮಲಗತಿದ್ನಿ. ಸುಡತಿದ್ದಿಲ್ಲ, ಸಪ್ಪಳಿದ್ದಿಲ್ಲ. ಹೂವಿನಿಂದ ಹೂವಿಗಿ ಬೆಳಕಿನ ಗೆರಿ."

ಅಮೋಘಸಿದ್ದಪ್ಪನವರು ಬೆರಳನ್ನು ಚರ್ಮಕ್ಕೆ ತಾಗಿಸದೆ, ಒಂದು ಹೂವಿನಿಂದ ಇನ್ನೊಂದು ಹೂವಿಗೆ ಗಾಳಿಯಲ್ಲೇ ಗೆರೆ ಎಳೆದರು. "ಗಡಿಕಲ್ಲು ಹೊಟ್ಟೀ ಮ್ಯಾಲೆನ ಇಟಗೊಂಡು ಬಂದಾಳ ನಿಮ್ಮವ್ವ" ಎಂದು ಮಹಾನಂದಾಗೆ ಮೆಲ್ಲಗೆ ಹೇಳಿದರು.

ಮರುದಿನ ಹೂವುಗಳ ನಡುವಿನ ಚುಕ್ಕಿಗಳ ಮೇಲೆ ಲೋಹದ ಸಣ್ಣ ಮಣಿಗಳನ್ನು ಅಂಟಿಸಿ ಸ್ಕ್ಯಾನ್ ಮಾಡಿಸಿದರು. ಫಿಲ್ಮಿನಲ್ಲಿ ಬೆನ್ನುಮೂಳೆಯ ಮಣಿಗಳ ಅಕ್ಕಪಕ್ಕ ನಾಲ್ಕು ಬಿಳಿ ಚುಕ್ಕಿಗಳು ಹೊಳೆದವು. ಕರುಳಿನ ಯಾವ ಸುತ್ತು ಚೌಕದ ಒಳಗೆ, ಯಾವುದು ಹೊರಗೆ ಎಂದು ವೈದ್ಯರು ಸ್ಕೇಲು ಹಿಡಿದು ನೋಡಿದರು. ವಯಸ್ಸಿಗೆ ಚರ್ಮ ಜೋಲುತ್ತದೆ, ಕರುಳೂ ಒಂದೇ ಕಡೆ ಕೂರುವುದಿಲ್ಲ. ಆದ್ದರಿಂದ ಗೆರೆಯನ್ನೇ ಪೂರ್ತಿ ನಂಬದೆ ಅದಕ್ಕಿಂತ ಸಾಕಷ್ಟು ಮೇಲಿನ ಕರುಳನ್ನು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರು.

"ಮಾಡೋಣು" ಎಂದರು. "ಆದ್ರ ಒಂದು ಮಾತು. ಒಳಗ ಹೋದ ಮ್ಯಾಲೆ ಹತ್ತಿಕೊಂಡಿದ್ದು ಬಿಡವಲ್ದು ಅನಿಸಿದ್ರ ನಾ ಹಟಾ ಹಿಡಿಯೂದಿಲ್ಲ, ಮುಚ್ಚಿ ಹೊಳ್ಳಿ ಬರತೇನಿ. ಲಗೂನ ಹೊರಗ ಬಂದೆ ಅಂದ್ರ ಆಗಲಿಲ್ಲ ಅಂತ ತಿಳಕೋರಿ."

ಇಂದ್ರವ್ವ ಒಂದೇ ಒಂದು ಬೇಡಿಕೆ ಇಟ್ಟಳು. "ನನ್ನ ಕೊಯ್ಯಾಂವನ ಮಾರಿ ಒಮ್ಮೆ ನೋಡಬೇಕ್ರಿ."

"ನನ್ನ ಮಾರಿ ನೋಡೀಯಲ್ಲಬೇ."

"ನಿಮ್ಮದಲ್ಲರೀ, ಆ ಯಂತ್ರದ್ದು."

ಸಂಜೆ ಖಾಲಿಯಿದ್ದಾಗ ಅವರನ್ನು ಬಾಗಿಲ ತನಕ ಬಿಟ್ಟರು. ನಡುವೆ ಮಂಚ, ಅದರ ಪಕ್ಕ ಮನುಷ್ಯನಿಗಿಂತ ಎತ್ತರದ ಕಂಬ. ಅದರಿಂದ ಹೊರಟ ಕೈಗಳು ಪಾರದರ್ಶಕ ಪ್ಲಾಸ್ಟಿಕ್ ತೊಟ್ಟು, ಜೋಳದ ದಂಟಿನ ಮೇಲೆ ಕೂತ ಮಿಡತೆಯ ಕಾಲುಗಳಂತೆ ಮಡಚಿಕೊಂಡಿದ್ದವು. ಅಷ್ಟು ದೂರದ ಮೂಲೆಯಲ್ಲಿ, ತಲೆ ತೂರಿಸಿ ನೋಡುವ ಒಂದು ಪೆಟ್ಟಿಗೆ ಮತ್ತು ಒಂದು ಸ್ಟೂಲು.

"ಅಲ್ಲಿ ಯಾರ ಕುಂದರತಾರ?"

"ನಾನ."

"ಅಯ್ಯ! ನಾ ಇಲ್ಲಿ ಮಲಗಿರತೇನಿ, ನೀವು ಅಲ್ಲಿ ಮೂಲ್ಯಾಗ ಕುಂತಿರತೀರಿ?"

"ನನ್ನ ಕಣ್ಣು ನಿನ್ನ ಹೊಟ್ಟ್ಯಾಗ ಇರತಾವಬೇ. ಹತ್ತು ಪಟ್ಟು ದೊಡ್ಡದಾಗಿ ಕಾಣತೈತಿ. ನನ್ನ ಕೈ ನಡುಗಿದ್ರೂ ಅದು ನಡುಗೂದಿಲ್ಲ. ಒಂದ ಕೊರತಿ ಐತಿ. ಮುಟ್ಟಿದ್ದು ಕೈಗಿ ತಿಳಿಯೂದಿಲ್ಲ. ಗಟ್ಟಿ ಐತೋ ಮೆತ್ತಗ ಐತೋ, ಹರೀತೈತೋ ತಡೀತೈತೋ, ಎಲ್ಲಾ ಕಣ್ಣಿಲೆನ ತಿಳಕೋಬೇಕು."

ಇಂದ್ರವ್ವ ಹೊಸ್ತಿಲಾಚೆಯಿಂದಲೇ ಯಂತ್ರಕ್ಕೆ ಕೈ ಮುಗಿದಳು. ಮಹಾನಂದಾ ಅವಳನ್ನು ತಡೆಯಬೇಕೆಂದುಕೊಂಡಳು. ತಡೆಯಲಿಲ್ಲ. ಕಣ್ಣಿನಿಂದ ಮುಟ್ಟುವುದು ಎಂಬ ಮಾತನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಅದೇ ಸಂಜೆ ನರ್ಸು ಬಂದು, ಹೊಸ ಬಾಯಿ ಬರುವ ಜಾಗಕ್ಕೆ ಹೊಟ್ಟೆಯ ಬಲಗಡೆ ಪೆನ್ನಿನಿಂದ ಗುರುತು ಹಾಕಿ, ಇದು ಅಳಿಯಬಾರದು ಎಂದು ಮರಾಠಿಯಲ್ಲಿ ಹೇಳಿದಳು. ಹಣಮಂತಪ್ಪ ಅದನ್ನು ಕನ್ನಡಕ್ಕೆ ತಂದು ಹೆಂಡತಿಗೆ ತಿಳಿಸಿದ.

"ಹಂಗಾರ ಬಾಯವ್ವಗ ಒಂದು ಫೋನ್ ಹಚ್ರಿ" ಎಂದಳು ಇಂದ್ರವ್ವ. ಮೂವರೂ ನಕ್ಕರು.

ಬೆಳಿಗ್ಗೆ ಅವಳನ್ನು ಒಳಗೆ ಒಯ್ದರು. ಹೊರಗಿನ ಬೆಂಚಿನ ಮೇಲೆ ಕುಳಿತ ಹಣಮಂತಪ್ಪನಿಗೆ ಜೀವನದಲ್ಲಿ ಎಂದೂ ಬಾರದ ಬುದ್ಧಿ ಬಂದಿತ್ತು: ಬಾಗಿಲು ತೆರೆಯದಿರಲಿ ಎಂದು ದೇವರನ್ನು ಬೇಡುತ್ತಿದ್ದ. ಉಳಿದವರೆಲ್ಲ ಬಾಗಿಲು ಯಾವಾಗ ತೆರೆದೀತು ಎಂದು ನೋಡುತ್ತಿದ್ದರೆ ಇವನೊಬ್ಬ ಅದು ಅಲುಗಿದಾಗಲೆಲ್ಲ ಬೆದರುತ್ತಿದ್ದ. ಬಿಸಿಲು ಏರುವ ಮೊದಲೇ ಒಮ್ಮೆ ತೆರೆಯಿತು. ಮಹಾನಂದಾಳ ಮುಂಗೈಯನ್ನು ಅವನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಚಿಟ್ ಎಂದಿತು. ನರ್ಸೊಬ್ಬಳು ಬಂದು, ಇವರನ್ನು ನೋಡದೆ, ರಕ್ತದ ಚೀಲ ತರಲು ಹೋದಳು.

"ಡಾಕ್ಟರು ಬರಲಿಲ್ಲಲ್ಲ?"

"ಇಲ್ಲಪ್ಪ. ಒಳಗದಾರ."

"ಒಳಗ ಇರಲಿ. ಊಟಾ ಮಾಡಿದ್ರೋ ಇಲ್ಲೋ ಪಾಪ."

ಮಧ್ಯಾಹ್ನವಾಯಿತು, ಬಿಸಿಲು ಕಿಟಕಿ ಬಿಟ್ಟು ಗೋಡೆ ಏರಿತು. ಡಬ್ಬಿಯಲ್ಲಿದ್ದ ಒಣಗಿಸಿದ ಕಟಕ ರೊಟ್ಟಿಯನ್ನು ಇಬ್ಬರೂ ಮುಟ್ಟಲಿಲ್ಲ. ಹೊತ್ತು ಕಳೆದಷ್ಟೂ ಹಣಮಂತಪ್ಪನ ಮುಖ ತಿಳಿಯಾಗುತ್ತ ಬಂತು. ಕೊನೆಗೆ ವೈದ್ಯರು ಹೊರಬಂದಾಗ ಕಿಟಕಿಯಾಚೆ ಬೀದಿದೀಪಗಳು ಹತ್ತಿದ್ದವು. ಅವರ ಹಣೆಯ ಮೇಲೆ ಪೆಟ್ಟಿಗೆಗೆ ಒತ್ತಿದ್ದ ಕೆಂಪು ಗೆರೆ ಮೂಡಿತ್ತು.

"ಚೀಲ ಬಂತು, ಗಂಟಿನ ಸುದ್ದಾ. ಗರ್ಭಚೀಲಾನೂ ಕೂಡೇ ಬಂತು. ಕರುಳಿಗಿ ಎಲ್ಲಿಯೂ ಪೆಟ್ಟಾಗಲಿಲ್ಲ."

ಹಣಮಂತಪ್ಪ ಎದ್ದು ನಿಂತು ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡ. ಆಮೇಲೆ ಮತ್ತೆ ತೆಗೆದ.

ಇಂದ್ರವ್ವ ಮೂರನೆಯ ದಿನ ಗಂಜಿ ಕುಡಿದು, ಹೊಟ್ಟೆಯ ಮೇಲಿನ ಚೀಲಕ್ಕೆ ಹನಿಹನಿಯಾಗಿ ಬೀಳುತ್ತಿದ್ದುದನ್ನು ನೋಡುತ್ತ ಮಲಗಿದ್ದಾಗ, ವೈದ್ಯರು ಮಹಾನಂದಾಳನ್ನು ತಮ್ಮ ಕೋಣೆಗೆ ಕರೆದರು. "ನೀವು ವಿಜ್ಞಾನ ಕಲಸತೀರಲ್ಲ, ಗಟ್ಟಿ ಮನಸ ಇದ್ರ ನೋಡ್ರಿ" ಎಂದು ಕಂಪ್ಯೂಟರಿನ ಪರದೆ ತಿರುಗಿಸಿದರು. ಒಳಗಿನ ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿತ್ತು.

ಮೊದಲು ಅವಳಿಗೆ ಏನೂ ಅರ್ಥವಾಗಲಿಲ್ಲ. ಪಾಠದ ಚಿತ್ರದಲ್ಲಿ ಒಂದು ಅಂಗದ ಸುತ್ತ ಬಿಳಿ ಜಾಗವಿರುತ್ತದೆ. ಇಲ್ಲಿ ಬಿಳಿ ಜಾಗವೇ ಇರಲಿಲ್ಲ. ಎಲ್ಲವೂ ಒಂದಕ್ಕೊಂದು ಬೆಸೆದು ಹಳೆಯ ಗೋಡೆಯ ಸುಣ್ಣದಂತೆ ಬಿಳಿಚಿಕೊಂಡಿತ್ತು. ಇರುವೆಯ ಬಾಯಿಯಂಥ ಎರಡು ಉಕ್ಕಿನ ತುದಿಗಳು ಬಂದು ಆ ಬಿಳಿಯನ್ನು ಒಂದಿಷ್ಟೇ ಎತ್ತಿದವು, ಬಿಟ್ಟವು, ಮತ್ತೆ ಎತ್ತಿದವು. ಎತ್ತಿದಾಗ ಎಲ್ಲೋ ಒಂದೆಡೆ ನೂಲಿನಷ್ಟು ಸಂದು ಹೊಳೆಯಿತು. ಕತ್ತರಿ ಅಲ್ಲಿ ಮಾತ್ರ ಹೋಯಿತು. ಹಂಚಿಗೆ ಹತ್ತಿದ ರೊಟ್ಟಿಯನ್ನು ಹರಿಯದಂತೆ ಬಿಡಿಸಲು ಅವ್ವ ಅಂಚಿನಿಂದ ಬೆರಳ ತುದಿ ತೂರಿಸಿ ತಡೆಯುತ್ತ, ತಡೆಯುತ್ತ ಬರುವ ಹಾಗೆ.

"ಇಲ್ಲಿ ನೋಡ್ರಿ. ಇದು ರಕ್ತನಾಳೋ, ಮೂತ್ರನಾಳೋ? ಎರಡೂ ಒಂದ ಬಣ್ಣ. ತಪ್ಪಿ ಕತ್ತರಿಸಿದ್ರ ಮುಗೀತು."

ಉಕ್ಕಿನ ತುದಿ ಆ ಬಿಳಿ ಹುರಿಯನ್ನು ಮೆಲ್ಲಗೆ ತಟ್ಟಿತು. ಹುರಿ ಮಿಸುಕಿತು. ಮೇಲಿನಿಂದ ಕೆಳಗೆ ಒಂದು ಅಲೆ, ಎರೆಹುಳು ಮೈ ಕುಗ್ಗಿಸಿ ಹಿಗ್ಗಿಸುವಂತೆ, ಹರಿದು ಹೋಯಿತು. ತುಸು ಬಿಟ್ಟು ಇನ್ನೊಂದು.

ಮಹಾನಂದಾ ಕುರ್ಚಿಯಿಂದ ಮುಂದೆ ಬಂದಳು. ಎಷ್ಟು ವರ್ಷಗಳಿಂದ ಸುಣ್ಣದ ಕಡ್ಡಿಯಲ್ಲಿ ಅವಳು ಎಳೆದ ಗೆರೆ ಅದು. ಅದು ಮಿಸುಕುತ್ತದೆಂದು ಓದಿದ್ದಳು, ಪಾಠದಲ್ಲಿ ಹೇಳಿಯೂ ಇದ್ದಳು. ಹೇಳಿದ್ದನ್ನು ತಾನೇ ನಂಬಿರಲಿಲ್ಲವೆಂದು ಈಗ ಗೊತ್ತಾಯಿತು. ಅವ್ವ ಮದ್ದಿನ ನಿದ್ದೆಯಲ್ಲಿ ಏನೂ ಅರಿಯದೆ ಮಲಗಿದ್ದಾಗಲೂ, ಸುಟ್ಟು ಅಂಟಿದ ಆ ಒಳಗಿನಲ್ಲಿ, ಅದು ಹನಿಯನ್ನು ಕೆಳಗೆ ದೂಡುತ್ತಲೇ ಇತ್ತು. ತಾನು ಹುಟ್ಟುವ ಮೊದಲಿನಿಂದಲೂ ದೂಡುತ್ತಿತ್ತು.

"ಮಿಸಕತೈತಲ್ಲ, ಅದನ ಅದರ ಗುರುತು" ಎಂದರು ವೈದ್ಯರು. "ಎಷ್ಟ ಸಲ ನೋಡಿದ್ರೂ ನಂಗ ಅಲ್ಲಿ ಒಂದು ಗಳಿಗಿ ಕೈ ನಿಂದರತೈತಿ."

ಚಿತ್ರ ಮುಂದೆ ಹೋಯಿತು. ನಾಳವನ್ನು ಚೀಲದಿಂದ ಬಿಡಿಸಿದ ಮೇಲೆ ಅದರ ತುದಿ ಕಳೆಗುಂದಿತ್ತು. ಕತ್ತರಿ ಅದನ್ನು ಸ್ವಲ್ಪಸ್ವಲ್ಪವೇ ತುಂಡರಿಸುತ್ತ ಮೇಲೆ ಹೋಗಿ, ಗುಲಾಬಿ ಬಣ್ಣ ಬಂದು ಒಂದು ಹನಿ ರಕ್ತ ಜಿನುಗಿದ ಕಡೆ ನಿಂತಿತು. ಆಮೇಲೆ ಕ್ಯಾಮೆರಾ ತಲೆ ಎತ್ತಿತು. ಕೆಳಗಿದ್ದ ಕರುಳಿನ ಸುತ್ತುಗಳು ಬಿಳಿಚಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಮೇಲಿನವು ಮಳೆಯಾದ ಮರುದಿನದ ಹೊಲದಂತೆ ನೆನೆದು ಹೊಳೆಯುತ್ತಿದ್ದವು. ನಡುವೆ ಯಾರೂ ಎಳೆಯದ ಗಡಿ.

"ಇದು ಹೂವಿನ ಮಟ್ಟ ಏನ್ರಿ?"

"ಒಂದ ಬೆರಳ ಹಿಂದ ಮುಂದ. ಅದಕ್ಕ ಗಡಿ ಬಿಟ್ಟು ಮ್ಯಾಲಿನ ಕರುಳ ತಗೊಂಡೆ. ಆ ಹೊಲಗಿ ಮಾತ್ರ ಸಣ್ಣದೊಂದು ಕೊಯ್ತ ಹಾಕಿ ಕೈಲೆನ ಮಾಡಿದೆ." ಅವರು ಪರದೆ ಆರಿಸಿದರು. "ಆ ಬಾಯವ್ವ ಇನ್ನೂ ಅದಾಳೇನು?"

ಅವ್ವನನ್ನೇ ಕೇಳಬೇಕು ಎಂದು ಮಹಾನಂದಾ ಎದ್ದಳು.

ಗಂಟಿನ ಪರೀಕ್ಷೆಯ ಫಲಿತಾಂಶ ಬಂದಾಗ ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಎಡಗಡೆಯ ಹೊಲಿಗೆ ಕೆಲವು ದಿನ ತುಸು ಸೋರಿ ಎಲ್ಲರ ನಿದ್ದೆ ಕೆಡಿಸಿ, ತಾನಾಗಿಯೇ ನಿಂತಿತು. ಚೀಲ ಬದಲಿಸುವುದನ್ನು ಮಹಾನಂದಾ ಕಲಿತಳು. ಊರಿಗೆ ಬಂದ ಮೇಲೆ ಅವಳಿಗಿಂತ ಚೊಕ್ಕಟವಾಗಿ ಹಣಮಂತಪ್ಪ ಕಲಿತ. "ವಾಲ್ವ್ ಬಂದ ಮಾಡೂದು ಮರತಿ ಅಂದ್ರ ಹೊಲಾ ಎಲ್ಲಾ ನೀರು ನೋಡು" ಎಂದು ದಿನಾ ಒಮ್ಮೆಯಾದರೂ ಹೆಂಡತಿಯನ್ನು ಕಾಡಿಸುತ್ತಿದ್ದ.

ಸುಗ್ಗಿ ಮುಗಿದ ಮೇಲೆ, ತಪಾಸಣೆಯಲ್ಲಿ ಏನೂ ಇಲ್ಲವೆಂದು ತಿಳಿದ ವಾರವೇ, ಇಂದ್ರವ್ವ ಯರಗಟ್ಟಿ ಸಂತೆಗೆ ಹೊರಟಳು. ಮಹಾನಂದಾ ಜೊತೆಗೆ ಹೋದಳು. ಜುಬೇದಾಬಿಯ ಬಳೆಯಂಗಡಿ ಅಲ್ಲಿಯೇ ಇತ್ತು. "ಯಾ ಅಲ್ಲಾ, ಬದುಕಿ ಬಂದ್ಯಾ ನನ್ನವ್ವ" ಎಂದು ಅವಳು ಇಂದ್ರವ್ವನ ಗಲ್ಲ ಸವರಿ ಲಟಿಕೆ ಮುರಿದಳು. ಬಾಯವ್ವನಿಗೆ ಹೇಳಿಕಳಿಸಿದಳು. ಬಾಯವ್ವ ಬಂದಳು, ಕಣ್ಣು ಮಬ್ಬಾಗಿತ್ತು, ಕಂಕುಳಲ್ಲಿ ಮಾತ್ರ ಅದೇ ಸೂಜಿಯ ಡಬ್ಬಿ.

ಅದೇ ಪಡದಾ ಬಿಟ್ಟರು. ಈ ಸಲ ಇಂದ್ರವ್ವ ತಾನಾಗಿಯೇ ಸೀರೆ ಸಡಿಲಿಸಿದಳು. ಬಾಯವ್ವ ಚೀಲದ ಆಚೀಚೆ ಬೆರಳಾಡಿಸಿ ತನ್ನ ನಾಲ್ಕೂ ಹೂಗಳನ್ನು ಹುಡುಕಿ, ಎಸಳು ಎಣಿಸಿ, ತಲೆಯಾಡಿಸಿದಳು. ಅನಂತರ ಅವಳ ಬೆರಳು ಹೊಕ್ಕುಳದ ಮೇಲುಗಡೆ ತಡೆಯಿತು. ಯಂತ್ರದ ಕೈಗಳು ಒಳಹೊಕ್ಕ ಜಾಗಗಳವು, ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ಒಣಗಿದ ಸಣ್ಣ ಗಾಯಗಳು. ಒಂದೂ ಹೂವನ್ನು ಮುಟ್ಟಿರಲಿಲ್ಲ.

"ಇವು ನನ್ನವಲ್ಲ. ಯಾರ ಕೈಯಾಗ ಹಾಕಿಸ್ಕೊಂಡ್ಯೆ? ಚುಕ್ಕಿ ಇಟ್ಟು ಗೆರೀನ ಎಳದಿಲ್ಲ!"

"ಮನಶ್ಯಾರ ಕೈ ಅಲ್ಲಬೇ, ಯಂತ್ರದ್ದು."

"ಅದಕ್ಕ ಮತ್ತ. ಯಂತ್ರಕ್ಕ ಹೂ ಏನ ತಿಳಿತೈತಿ?" ಬಾಯವ್ವ ಡಬ್ಬಿಯ ಮುಚ್ಚಳ ತೆಗೆದಳು. "ಅಲಗಾಡಲಾರದ ಕುಂದರು, ಕೂಡಿಸಿಬಿಡತೇನಿ. ಚಂದಾನ ಬಳ್ಳಿ ಆಗತೈತಿ."

ಇಂದ್ರವ್ವ ನಗುತ್ತ ಮುದುಕಿಯ ಸೂಜಿ ಹಿಡಿದ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಬ್ಯಾಡಬೇ. ಇವು ಹಂಗ ಇರಲಿ. ಮುಂದ ಯಾರಿಗರೆ ನೋಡೂ ಪಾಳಿ ಬಂದ್ರ, ಇಲ್ಲಿಂದ ಒಳಗ ಹೋಗಿದ್ರು ಅಂತ ತಿಳೀಬೇಕಲ್ಲ."